ಆಷಾಢದಲ್ಲಿ ಆದ ಪತ್ರ

ಜೂನ್ 28, ಶುಕ್ರವಾರ

ಸಾಲ ಮಂಜೂರಾಯಿತು, ನಮಗೊಂದು ಮನೆಯಾಗುತ್ತೆ, ಮನೆ, ಮನೆ, ಮನೆ!!! ಮೂರನೇ ಪೀರಿಯಡ್ ಮಧ್ಯದಲ್ಲಿ ಬ್ಯಾಂಕಿನಿಂದ ಫೋನ್ ಬಂತು. ಪಿಯುಸಿ ಮಕ್ಕಳಿಗೆ ಪ್ಯಾಸಿವ್ ವಾಯ್ಸ್ ಹೇಳಿಕೊಡುತ್ತಿದ್ದವಳು ಹೊರಗೆ ಓಡಿದೆ, ಕಾರಿಡಾರಿನಲ್ಲಿ ಒಂದು ಸುತ್ತು ಕುಣಿದೆ, ಒಳಗೆ ಬಂದು ‘ದ ಹೌಸ್ ವಿಲ್ ಬಿ ಬಿಲ್ಟ್ ಬೈ ಅಸ್’ ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಯಾಕೆ ಅಂತ ಅವಕ್ಕೆ ಗೊತ್ತಿಲ್ಲ, ಪಾಪ!

ಸಾಲ ಸಿಕ್ಕಿದ್ದು ನನ್ನ ಸಂಬಳದ ಮೇಲೆ. ಪ್ರಸಾದ್‌ಗೆ ಗಡಿಯಾಚೆ, ತಮಿಳುನಾಡಿಗೆ ಸೇರಿದ ತಾಳವಾಡಿಯಲ್ಲಿ ಬೈಕ್ ಗ್ಯಾರೇಜ್ ಇದೆ. ಕೈತುಂಬ ಕೆಲಸ, ಆದರೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಮ್ಯಾನೇಜರು “ಮೇಡಂ ಮುಖ್ಯ ಸಾಲಗಾರರು, ಸಾರ್ ಜೊತೆ ಸಾಲಗಾರರು” ಅಂದರಂತೆ. ಸಂಜೆ ಚಾಮರಾಜನಗರದ ಬಸ್ಸಿಳಿದರೆ ಪ್ರಸಾದ್ ಗ್ರೀಸ್ ಮೆತ್ತಿದ ಕೈಯಲ್ಲೇ ನನಗೆ ನಮಸ್ಕಾರ ಹಾಕಿದ.

“ಧಣಿಗಳು ಬಂದ್ರಾ? ಟೀ ತರಿಸ್ಲಾ ಧಣೀ?”

ಮದುವೆಯಾಗಿ ಎರಡು ತಿಂಗಳಿಗೆ ಧಣಿಯಾದೆ!

ಜಾಗ ಅತ್ತೆಯದು. ಪಣಕಹಳ್ಳಿಯ ರಸ್ತೆ ಪಕ್ಕದ ಹೊಲದಲ್ಲಿ ಮನೆಗೆ ಬೇಕಾದಷ್ಟನ್ನು ಮಗ-ಸೊಸೆ ಇಬ್ಬರ ಹೆಸರಿಗೆ ಬರೆದುಕೊಡುತ್ತಾರೆ. ಈಗಿರುವ ಹಳೆ ಮನೆ ಭಾವನ ಪಾಲಿಗೆ. ಹೊಸ ಮನೆಯಲ್ಲಿ ಅತ್ತೆಗೊಂದು ಕೋಣೆ, ನಮಗೊಂದು, ಪೂರ್ವದ ಮೂಲೆಯಲ್ಲಿ ನನ್ನ ಅಮ್ಮನಿಗೊಂದು. ಮೈಸೂರಿನಲ್ಲಿ ಅಮ್ಮ ಇರುವ ಭೋಗ್ಯದ ಮನೆಯ ಅವಧಿ ಫೆಬ್ರವರಿಗೆ ಮುಗಿಯುತ್ತೆ, ಓನರಿಗೆ ಮಗನ ಸಂಸಾರಕ್ಕೆ ಮನೆ ಬೇಕಂತೆ. ಅಮ್ಮನ ಹೊಲಿಗೆ ಮಿಷನ್ನಿಗೆ ಬೆಳಕು ಬೀಳಲಿ ಅಂತ ಆ ಕೋಣೆಗೆ ಎಲ್ಲಕ್ಕಿಂತ ದೊಡ್ಡ ಕಿಟಕಿ ಬರೆಸಿದ್ದೇನೆ!

ಅಮ್ಮನದು ಹಳೇ ರಾಗ. “ಮಗಳ ಮನೇಲಿ ಬಂದು ಇರೋದು ಅಂದ್ರೇನೇ?”

“ಅಮ್ಮಾ, ಅರ್ಧ ಮನೆ ನನ್ನದು. ನೀನು ಅಳಿಯನ ಅರ್ಧಕ್ಕೆ ಕಾಲೇ ಇಡಬೇಡ, ಆಯ್ತಾ?”

ನಕ್ಕಳು. ನಕ್ಕಳೆಂದರೆ ಒಪ್ಪಿದಳೆಂದು ಲೆಕ್ಕ.

ಆ ಕೋಣೆ ಸೇರಿಸಿದ್ದಕ್ಕೆ ಕಂತು ಮೇಲೇರಿತು, ನಿಜ. ಪ್ರಸಾದ್ ಮುಖ ಸ್ವಲ್ಪ ಚಿಕ್ಕದಾಯಿತು. ಆಗ ನಾನು ತೆಗೆದೆ ಬ್ರಹ್ಮಾಸ್ತ್ರ: ಆದಾಯ ತೆರಿಗೆ ಕಾಯ್ದೆಯ ಇಪ್ಪತ್ನಾಲ್ಕು ಬಿ! ನಮ್ಮ ಕಾಲೇಜಿನ ಅಕೌಂಟೆಂಟ್ ನಟರಾಜು ಸಾರ್ ಹೇಳಿದ್ದು. ಗೃಹಸಾಲದ ಬಡ್ಡಿಯನ್ನು ನನ್ನ ಆದಾಯದಲ್ಲಿ ಕಳೆಯುತ್ತಾರೆ. ಪತ್ರಕ್ಕೆ ಆಗುವ ಸ್ಟಾಂಪು, ರಿಜಿಸ್ಟ್ರೇಷನ್ ಖರ್ಚು ಎಂಬತ್ತು ಸಿ ಅಡಿಯಲ್ಲಿ. ಹಳೇ ತೆರಿಗೆ ಪದ್ಧತಿಯಲ್ಲೇ ಉಳಿಯಬೇಕು, ಮಾರ್ಚ್ ಕೊನೆಯೊಳಗೆ ಮನೆ ಮುಗಿಯಬೇಕು, ಅಷ್ಟೇ. ಸರ್ಕಾರವೇ ನಮ್ಮ ಗೃಹಪ್ರವೇಶಕ್ಕೆ ಮುಯ್ಯಿ ಮಾಡುತ್ತಿದೆ! ಉಳಿಯುವ ತೆರಿಗೆಯಲ್ಲಿ ಅಮ್ಮನ ಕೋಣೆಯ ಕಂತು ಸರಿಹೋಗುತ್ತೆ ಎಂದು ಪ್ರಸಾದ್‌ಗೂ ಅತ್ತೆಗೂ ಮಾತು ಕೊಟ್ಟೆ.

ಜುಲೈ 6, ಶನಿವಾರ

ಆಷಾಢ ಶುರು. ಹೊಸ ಸೊಸೆ ತವರಿಗೆ! ಅತ್ತೆ-ಸೊಸೆ ಈ ತಿಂಗಳು ಒಂದೇ ಹೊಸಿಲು ದಾಟಬಾರದಂತೆ. ಸೋಮವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಾನು ಮೈಸೂರಿನಿಂದ ರೈಲಿನಲ್ಲಿ ಚಾಮರಾಜನಗರದ ಕಾಲೇಜಿಗೆ ಓಡಾಡಬೇಕು, ಪ್ರಸಾದ್ ಅಲ್ಲಿ ಒಬ್ಬನೇ ಬಿಕ್ಕಬೇಕು. ಸ್ಟೇಷನ್ನಿಗೆ ಬಿಡಲು ಬಂದವನು ಪ್ಲಾಟ್‌ಫಾರಂನಲ್ಲಿ ನಿಂತು ಅಳುವ ಹಾಗೆ ನಟಿಸಿದ. ನಟನೆ ಅಷ್ಟು ಚೆನ್ನಾಗಿರಬಾರದಿತ್ತು, ನಾನು ನಿಜವಾಗಿ ಅತ್ತುಬಿಟ್ಟೆ.

ಅಮ್ಮ ಚಿತ್ರಾನ್ನ ಮಾಡಿದ್ದಳು. ಊಟ ಮುಗಿದ ಮೇಲೆ ಒಂದು ಕವರು ಕೈಗಿಟ್ಟಳು. ಓನರು ಭೋಗ್ಯದ ಹಣದಲ್ಲಿ ಹೆಚ್ಚುಪಾಲನ್ನು ಮುಂಚೆಯೇ ವಾಪಸು ಕೊಟ್ಟರಂತೆ.

“ಪತ್ರದ ಖರ್ಚು ನನ್ನದು. ಸ್ಟಾಂಪು, ವಕೀಲರ ಫೀಸು, ಬ್ಯಾಂಕಿನೋರು ಅದೂ ಇದೂ ಅಂತ ಹಿಡೀತಾರಲ್ಲ, ಎಲ್ಲಾ. ಸುಮ್ಮನೆ ಬಂದು ಕೂತ್ಕೊಳ್ಳೋಳು ಅಂತ ಯಾರೂ ಅನ್ನಬಾರದು ನೋಡು.”

“ಯಾರಮ್ಮಾ ಅಂತಾರೆ?” ಅಂತ ತಬ್ಬಿಕೊಂಡೆ. ಅವಳ ಸೀರೆಗೆ ಯಾವಾಗಲೂ ಹೊಸ ಬಟ್ಟೆಯ ಗಂಜಿ ವಾಸನೆ.

ಆಗಸ್ಟ್ 3, ಶನಿವಾರ

ಪತ್ರ ಆಯಿತು!!

ಬೆಳಿಗ್ಗೆ ಪ್ರಸಾದ್ ಫೋನು. ಹಿಂದೆ ಸಂತೆಯಂಥ ಗದ್ದಲ. “ಶೈಲೂ, ಇವತ್ತು ಆಡಿ ಹದಿನೆಂಟು. ತಮಿಳಿನೋರಿಗೆ ಭಾರೀ ಒಳ್ಳೇ ದಿನ, ರಿಜಿಸ್ಟ್ರಿ ಆಫೀಸಲ್ಲಿ ಕಾಲಿಡಕ್ ಜಾಗ ಇಲ್ಲ. ಹೆಂಗೋ ಟೋಕನ್ ಸಿಕ್ಕದೆ. ಬುಟ್ರೆ ಇನ್ನ್ ಯಾವಾಗ್ಲೋ.”

“ನಾನು ಹೊರಟೆ! ಬಸ್ಸಲ್ಲಿ ಬರ್ತೀನಿ!”

ಅತ್ತೆ ಫೋನ್ ಕಿತ್ತುಕೊಂಡರು. “ಬ್ಯಾಡ ಕಣ್ ಕೂಸೇ. ನಮ್ಗೆ ಇನ್ನೂ ಆಸಾಡ ಕಳ್ದಿಲ್ಲ, ನಾಳೆ ಅಮಾಸೆ. ರಿಜಿಸ್ಟ್ರಿ ಆಪೀಸ್ಗೆ ಇರಾದು ಒಂದೇ ಬಾಕ್ಲು. ನಾನೂ ನೀನೂ ಒಂದೇ ಒಸ್ಲು ದಾಟಂಗಾಯ್ತದೆ.”

“ನಾನು ಕಿಟಕಿಯಿಂದ ಹತ್ತಿ ಬರ್ಲಾ ಅತ್ತೆ?”

“ಅಯ್ಯೋ ಇವ್ಳ ಮನೆ ಕಾಯ್ವಾಗ!” ಅಂತ ನಕ್ಕೂ ನಕ್ಕೂ ಕೆಮ್ಮಿದರು. ನನ್ನ ಅತ್ತೆಯಂಥ ಅತ್ತೆ ಯಾರಿಗೂ ಇಲ್ಲ. ಸದ್ಯಕ್ಕೆ ಪ್ರಸಾದ್ ಹೆಸರಿಗೆ ಆಗಲಿ, ನನ್ನದನ್ನು ಶ್ರಾವಣದಲ್ಲಿ ಸೇರಿಸಿದರಾಯಿತು ಎಂದರು. ಒಬ್ಬರ ಹೆಸರಿದ್ದರೆ ಇಬ್ಬರದೂ ಇದ್ದ ಹಾಗೇ ಅಲ್ವಾ ಅಂತ ನಾನೇ ಅಂದೆ.

ಅಮ್ಮ ಕತ್ತರಿ ಕೆಳಗಿಟ್ಟು, “ಎರಡು ದಿನ ಕಾಯಬಹುದಿತ್ತೇನೋ?” ಅಂದಳು.

“ಅಮ್ಮಾ! ಯಾವ ಕಾಲದಲ್ಲಿದ್ದೀಯ? ಗಂಡ-ಹೆಂಡತಿ ನಡುವೆ ಹೆಸರೇನು, ಹೊಸಿಲೇನು!”

ಪತ್ರದ ಫೋಟೋ ಕಳಿಸಿದ್ದಾನೆ. ಪೂರ್ತಿ ತಮಿಳು. ಒಂದಕ್ಷರ ಓದಲು ಬರುವುದಿಲ್ಲ, ಆದರೂ ಸ್ಟೇಟಸ್ಸಿಗೆ ಹಾಕಿದೆ!

ಸೆಪ್ಟೆಂಬರ್ 12, ಗುರುವಾರ

ಪಾಯ ತೋಡಿದರು. ಮೇಸ್ತ್ರಿ ರಂಗಪ್ಪ ದಾರ ಕಟ್ಟಿ ಕೋಣೆಗಳನ್ನು ತೋರಿಸುವಾಗ ನಾನು ದಾರದೊಳಗೆ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. “ಇಗೋ ನಿನ್ನ ಮಿಷನ್ನು, ಇಗೋ ನಿನ್ನ ಮಂಚ, ಇಗೋ ಕಿಟಕಿ!” ಅಮ್ಮನಿಗೆ ಬರೀ ಕೆಂಪು ಮಣ್ಣು ಕಂಡಿದ್ದು. ಪರದೆ ಹೊಲಿಯಲು ಕಿಟಕಿಯ ಅಳತೆ ಕೇಳಿದಳು, ರಂಗಪ್ಪನನ್ನು ಕೇಳಿ ಕೊಟ್ಟೆ.

ಅತ್ತೆ ಸೆರಗಲ್ಲಿ ಬಿಸಿಲು ಮರೆಮಾಡಿ ನೋಡುತ್ತಿದ್ದರು. “ಇಷ್ಟ್ ದೊಡ್ ಕಿಟ್ಕಿ ಯಾರ್ಗ್ ಕೂಸೇ?”

“ಅಮ್ಮನಿಗೆ ಅತ್ತೆ.”

“ಊಂ. ಬೀಗ್ತಿ ಬಂದೋಗಾಕೆ ಚೆಂದಾಗದೆ.”

ಬಂದುಹೋಗಲು! ಅತ್ತೆಯ ತಮಾಷೆಯೇ ಹೀಗೆ, ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ.

ನನ್ನ ಹೆಸರು ಸೇರಿಸುವುದನ್ನು ನೆನಪಿಸಿದೆ. ಪಾಯದ ಕೆಲಸ ಮುಗೀಲಿ ಅಂದ ಪ್ರಸಾದ್. ಸರಿ ತಾನೇ, ಎಲ್ಲಾ ಕಡೆ ಅವನೊಬ್ಬನೇ ಓಡಬೇಕು.

ನವೆಂಬರ್ 24, ಭಾನುವಾರ

ಬರೆಯದೆ ಎಷ್ಟು ದಿನವಾಯಿತು. ಗೋಡೆ ಎದ್ದಿದೆ, ತಾರಸಿ ಬಾಕಿ. ಮೊನ್ನೆ ಆನೆ ಬಂದು ನೀರಿನ ಡ್ರಮ್ಮುಗಳನ್ನು ಚಪ್ಪಟೆ ಮಾಡಿ, ಒದ್ದೆ ಸಿಮೆಂಟಿನಲ್ಲಿ ಹೆಜ್ಜೆಯಿಟ್ಟು ಹೋಯಿತು. ಗಣಪತಿ ಆಶೀರ್ವಾದ ಅಂದರು ಅತ್ತೆ. ಆಶೀರ್ವಾದಕ್ಕೆ ಒಂದು ವಾರದ ಕೆಲಸ ಹೋಯಿತು.

ನಾನು ಸ್ವಲ್ಪ ಸಿಡುಕಿಯಾಗಿದ್ದೇನೆ ಅಂತ ಕಾಣುತ್ತೆ. ರಂಗಪ್ಪ ಬೀಡಿ ಹಚ್ಚಿದರೂ ಮಾರ್ಚ್ ನೆನಪಾಗುತ್ತೆ. “ಮಾರ್ಚ್ ಮಾರ್ಚ್ ಅಂತ ಪೆರೇಡ್ ಮಾಡ್ಸಿಯಲ್ಲ ಶೈಲೂ” ಅಂದ ಪ್ರಸಾದ್. ಮಾಡಿಸುತ್ತೇನೆ! ಸಂಬಳ ಬಂದ ಮಧ್ಯಾಹ್ನವೇ ಬ್ಯಾಂಕಿನ ಬಡ್ಡಿ ಹೋಗುತ್ತೆ, ಮಿಕ್ಕಿದ್ದು ಬಸ್ಸಿಗೆ. ಆದರೂ ಕಾಲೇಜಿನಲ್ಲಿ ಬಡ್ಡಿ ಕಳೆದು ಈಗಲೇ ಕಡಿಮೆ ತೆರಿಗೆ ಹಿಡಿಯುತ್ತಿದ್ದಾರೆ, ಜನವರಿಯಲ್ಲಿ ಪುರಾವೆ ಕೊಟ್ಟರೆ ಉಳಿದದ್ದೂ ಸಡಿಲವಾಗುತ್ತೆ. ಅಷ್ಟರವರೆಗೆ ತಾನೇ.

ಜನವರಿ 9, ಗುರುವಾರ

ನಟರಾಜು ಸಾರ್ ಕೋಣೆಗೆ ಫೈಲ್ ಹಿಡಿದು ಹೋದೆ. ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟು, ಪತ್ರದ ಜೆರಾಕ್ಸ್, ಅಮ್ಮ ಜೋಪಾನ ಮಾಡಿದ್ದ ಸ್ಟಾಂಪು-ಫೀಸಿನ ರಸೀದಿ, ಎಲ್ಲಾ ಬಣ್ಣಬಣ್ಣದ ಕ್ಲಿಪ್ ಹಾಕಿ. ಸಾರ್ ಸತ್ಯಮಂಗಲದಲ್ಲಿ ಓದಿದವರು, ತಮಿಳು ಸರಾಗ. ಪತ್ರವನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಕೆಳಗಿಂದ ಮೇಲೆ.

“ಇದರಲ್ಲಿ ನೀವೆಲ್ಲಿ ಮೇಡಂ?”

ಆಷಾಢದ ಕಥೆ ಹೇಳಿದೆ. ಕಿಟಕಿಯಿಂದ ಹತ್ತಿ ಬರ್ಲಾ ಅಂದಿದ್ದನ್ನೂ ಹೇಳಿದೆ. ಅವರು ನಗಲಿಲ್ಲ.

“ಸಾಲ ನಿಮ್ಮದು, ಕಟ್ಟೋರು ನೀವು, ಸರಿ. ಆದ್ರೆ ಬಡ್ಡಿಯ ವಿನಾಯಿತಿ ಮನೆ ಮಾಲೀಕರಿಗೆ ಮೇಡಂ. ಮನೆ ನಿಮ್ಮದಲ್ಲವಲ್ಲ.”

“ನಮ್ಮದೇ ಸಾರ್.”

“ನಿಮ್ಮ ಯಜಮಾನರದ್ದು.”

“ಹಾಗಾದ್ರೆ ಅವರಿಗೆ ಸಿಗಲಿ.”

“ಅವರು ತೆರಿಗೆ ಕಟ್ತಾರಾ?”

“ಅಷ್ಟು ಆದಾಯ ಇಲ್ಲ.”

ಸಾರ್ ಪೆನ್ನಿನ ಮುಚ್ಚಳ ಹಾಕಿದರು. “ನೋಡಿ, ತೆರಿಗೆ ಇರೋರಿಗೆ ಮನೆ ಇಲ್ಲ, ಮನೆ ಇರೋರಿಗೆ ತೆರಿಗೆ ಇಲ್ಲ. ಜೂನ್‌ನಲ್ಲಿ ನಾನೂ ಕೇಳಬೇಕಿತ್ತು. ನೀವು ಅಷ್ಟು ಖುಷಿಯಾಗಿದ್ರಿ, ಕೇಳಲಿಲ್ಲ.”

ಸ್ಟಾಂಪಿನ ರಸೀದಿ ಮುಂದೆ ತಳ್ಳಿದೆ. ಅದೂ ಮಾಲೀಕರಿಗೇ ಅಂತೆ. ಅಮ್ಮನ ದುಡ್ಡು ಅಂದೆ. ಅಮ್ಮನಿಗಂತೂ ಬರುವುದೇ ಇಲ್ಲ. ಬೇಕಾದರೆ ಯಜಮಾನರಿಗೆ ಬಾಡಿಗೆ ಕೊಟ್ಟ ಹಾಗೆ ರಸೀದಿ ತನ್ನಿ, ಬಾಡಿಗೆದಾರಳಿಗೆ ಬೇರೆ ವಿನಾಯಿತಿ ಇದೆ ಎಂದು ತಮಾಷೆ ಮಾಡಿ, ನನ್ನ ಮುಖ ನೋಡಿ “ಸುಮ್ನೆ ಹೇಳ್ದೆ ಮೇಡಂ” ಅಂದರು. ಹೊಸ ಪದ್ಧತಿಗೆ ಬದಲಾಗುವುದೇ ವಾಸಿಯಂತೆ. ಬಡ್ಡಿ ಕಳೆದು ಕಡಿಮೆ ಹಿಡಿದಿದ್ದ ತೆರಿಗೆಯನ್ನೆಲ್ಲ ಇನ್ನುಳಿದ ಸಂಬಳಗಳಲ್ಲಿ ಹಿಡಿಯುತ್ತಾರೆ. ಸ್ವಂತ ಮನೆ ಎಂಬ ಕಡೆ ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ.

ಕ್ಲಿಪ್ಪುಗಳನ್ನು ವಾಪಸು ತಂದೆ.

ಜನವರಿ 10, ಶುಕ್ರವಾರ

ಪ್ರಸಾದ್‌ಗೆ ಹೇಳಿದೆ. “ಅಷ್ಟೇನಾ? ಈಗ ಸೇರ್ಸುದ್ರಾಯ್ತು ಬುಡು” ಅಂದು ತಲೆ ಸವರಿದ. ಎಷ್ಟು ಸುಲಭ! ನಾನು ಸುಮ್ಮನೆ ಹೆದರಿದ್ದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು-ಬೆಲ್ಲ ಬೀರಿ ಬಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಪ್ರಸಾದ್ ವಿಷಯ ತೆಗೆದ. ಅತ್ತೆ ಅವರೆಕಾಯಿ ಬಿಡಿಸುತ್ತಲೇ ಇದ್ದರು.

“ನಾ ಬ್ಯಾಡ ಅಂದ್ನಾ? ಆದ್ರೆ ಈಗ್ಯಾಕ್ಲಾ ಅವಸರ? ಒಂದ್ ಮಗ ಆಗ್ಲಿ. ಮೊಮ್ಮಗಿನ್ ಎಸ್ರಿಗೆ ನಾನೇ ಮುಂದ್ ನಿಂತು ಬರುಸ್ತೀನಿ. ನಿಮ್ ದೊಡ್ಡವ್ವಂಗೂ ಅಂಗೇ ಆದದ್ದು, ನಂಗೂ ಅಂಗೇ. ಬಂದ ವರ್ಸಕ್ಕೆ ಯಾರ್ ಎಸ್ರು ಏರೀತು ಪಟ್ಟಾದಲ್ಲಿ?”

“ಸಾಲ ನನ್ನ ಹೆಸರಲ್ಲಿದೆ ಅತ್ತೆ.”

“ಸಾಲ ತೀರ್ಸಾಕೆ ಜಾಗ್ದಲ್ ಎಸ್ರು ಯಾಕ್ ಬೇಕು ಕೂಸೇ? ದುಡ್ ಕಟ್ಟುದ್ರೆ ತೀರ್ತದೆ.” ಕೋಪವಿರಲಿಲ್ಲ, ನನ್ನ ಕೈಗೆ ಒಂದು ಹಿಡಿ ಕಾಯಿ ಹಾಕಿದರು. “ಇನ್ನೊಂದ್ ಮಾತು. ನಿಮ್ಮವ್ವ ಗುರುಪರವೇಸ್ಕೆ ಬರ್ಲಿ, ಸೀರೆ ಉಡ್ಸಿ ಕಳುಸ್ಮ. ಮಗ್ಳು ಕೊಟ್ ಮನೇಲಿ ಮೊಮ್ಮಗೂನು ಕಾಣ್ದೆ ಬಂದ್ ಕೂತ್ಕಂಡ್ರೆ ಊರ್ ಜನ ಆಡ್ಕಳದು ಅವ್ರುನ್ನೇ, ನಮ್ಮುನ್ನಲ್ಲ.”

ಪ್ರಸಾದ್ ಸಿಪ್ಪೆಗಳನ್ನು ಗುಡ್ಡೆ ಮಾಡಿ, ಚದುರಿಸಿ, ಮತ್ತೆ ಗುಡ್ಡೆ ಮಾಡುತ್ತಿದ್ದ.

ಅರ್ಧ ಮನೆ ನನ್ನದು ಅಂತ ಹೇಳಲು ಬಾಯಿ ತೆರೆದೆ. ‘ಇಲ್ಲ’ ಎಂದು ಸಹಿ ಮಾಡಿದ್ದು ನೆನಪಾಯಿತು. ಅವರೆಕಾಯಿ ಬಿಡಿಸಿದೆ.

ಜನವರಿ 21, ಮಂಗಳವಾರ

ಬ್ಯಾಂಕಿಗೆ ಹೋಗಿದ್ದೆವು. ಅತ್ತೆಗೆ ತಿಳಿಸದೆ. ಮೂಲ ಪತ್ರ ಬ್ಯಾಂಕಿನಲ್ಲೇ ಅಡವಿದೆಯಲ್ಲ, ಅದರಲ್ಲಿ ಪಾಲು ಬರೆಯಬೇಕಾದರೆ ಮೇಲಿನ ಆಫೀಸಿನ ಒಪ್ಪಿಗೆ, ಮತ್ತೆ ವಕೀಲರು, ಮತ್ತೆ ಸ್ಟಾಂಪು, ಮತ್ತೆ ರಿಜಿಸ್ಟ್ರೇಷನ್. “ಒಂದೆರಡು ವರ್ಷ ಕಂತು ಸರಿಯಾಗಿ ಕಟ್ಟಿ ಮೇಡಂ, ಆಮೇಲೆ ಅರ್ಜಿ ಹಾಕಿ ನೋಡೋಣ.” ಆ ಖರ್ಚಿಗೆ ಅಮ್ಮನ ಬಳಿ ಇನ್ನೊಂದು ಕವರು ಇಲ್ಲ.

ಬೈಕಿನಲ್ಲಿ ಹಿಂದೆ ಕೂತಿದ್ದೆ. ಕಾಡಿನ ತಿರುವು ದಾಟಿದ ಮೇಲೆ ಪ್ರಸಾದ್ ತಿರುಗಿ ನೋಡದೆ ಹೇಳಿದ. ತಾಳವಾಡಿ ಸ್ಕೂಲಿಗೆ ಅಂದಿಯೂರಿನಿಂದ ಒಬ್ಬ ಮೇಷ್ಟ್ರು ಬಂದಿದ್ದಾರೆ, ಗಂಡ-ಹೆಂಡತಿ, ಒಂದು ಕೋಣೆ ಹುಡುಕುತ್ತಿದ್ದಾರೆ. ಅಡ್ವಾನ್ಸ್ ಈಗಲೇ ಕೊಡುತ್ತಾರೆ.

“ಟೈಲ್ಸ್‌ನವ್ನು ದಿನಾ ಗ್ಯಾರೇಜಿಗ್ ಬತ್ತಾನೆ ಶೈಲೂ. ನಿನ್ ಸಂಬ್ಳನೂ ಮಾರ್ಚ್‌ವರ್ಗೂ ಕಮ್ಮಿ. ಆ ಕೋಣೆ ಕಂತು ತೆರಿಗೇಲಿ ಬತ್ತದೆ ಅಂತ ನೀನೇ ಅಂದಿದ್ದೆ.”

ಅಂದಿದ್ದೆ.

“ಬ್ಯಾಡ ಅಂದ್ರೆ ಬ್ಯಾಡ. ನೀನೇ ಏಳು.”

ನನ್ನ ಉತ್ತರ ಗಾಳಿಗೆ ಕೇಳಿಸಲಿಲ್ಲವೆಂದು ಅಂದುಕೊಂಡನೇನೋ, ಮತ್ತೆ ಕೇಳಲಿಲ್ಲ. ತಪ್ಪೇನಿಲ್ಲ, ಅವನಾದರೂ ಏನು ಮಾಡಿಯಾನು.

ಜನವರಿ 25, ಶನಿವಾರ

ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಪ್ರಸಾದ್ ಗ್ಯಾರೇಜಿನಲ್ಲಿದ್ದ, ನಾನೇ ತೋರಿಸಿದೆ. ಬಾಗಿಲು, ಸ್ವಿಚ್ಚು, ಗೋಡೆಯಲ್ಲಿನ ಗೂಡು. ಆಕೆ ಕಿಟಕಿಯ ಹತ್ತಿರ ನಿಂತು “ವೆಳಿಚ್ಚಂ ನಲ್ಲಾ ಇರುಕ್ಕು” ಅಂದಳು, ಬೆಳಕು ಚೆನ್ನಾಗಿದೆ ಅಂತ. “ಆಮಾಂ, ಕಾಲೆಯಿಲೇ ವೆಯಿಲ್ ವರುಂ” ಅಂದೆ. ಬೆಳಿಗ್ಗೆ ಬಿಸಿಲು ಬರುತ್ತೆ. ತಮಿಳು ಇಷ್ಟು ಬಂದಿದೆ ನನಗೆ.

ಅವರಿಗೆ ಇಷ್ಟವಾಯಿತು.

ಜನವರಿ 26, ಭಾನುವಾರ

ಅಮ್ಮನಿಗೆ ಫೋನ್ ಮಾಡಿದೆ. ಹೇಳಲಾಗಲಿಲ್ಲ. ಹಪ್ಪಳದ ಬಗ್ಗೆ ಮಾತಾಡಿದೆವು.

ಜನವರಿ 29, ಬುಧವಾರ

ಪ್ರಸಾದ್ ಚಾಮರಾಜನಗರದಿಂದ ಕಪ್ಪು ಕಲ್ಲಿನ ಫಲಕ ಕೆತ್ತಿಸಿ ತಂದ. ‘ಶೈಲಪ್ರಸಾದ’. ಒದ್ದೆ ಬಟ್ಟೆಯಲ್ಲಿ ಒರೆಸಿ, ಗೇಟಿನ ಕಂಬಕ್ಕೆ ಹಿಡಿದು, ದೂರದಿಂದ ನೋಡು ಅಂದ.

“ನೋಡ್ದಾ, ನಿನ್ ಎಸ್ರೇ ಮುಂದೆ. ಬೇಜಾರ್ ಮಾಡ್ಕಬ್ಯಾಡ.”

ಅವನ ಕಣ್ಣಲ್ಲಿ ನೀರಿತ್ತು. ಚೆನ್ನಾಗಿದೆ ಅಂದೆ. ಅಕ್ಷರ ನಿಜವಾಗಿ ಚೆನ್ನಾಗಿ ಬಂದಿದೆ.

ಫೆಬ್ರವರಿ 1, ಶನಿವಾರ

ಬಜೆಟ್. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊಬೈಲು ನೋಡಿ ಕೂಗಿದರು. ಹೊಸ ಪದ್ಧತಿಯಲ್ಲಿ ಮುಂದಿನ ವರ್ಷದಿಂದ ನನ್ನಂಥ ಸಂಬಳದವರಿಗೆ ತೆರಿಗೆಯೇ ಇರುವುದಿಲ್ಲವಂತೆ. ನಟರಾಜು ಸಾರ್ ನನ್ನ ಕೈ ಕುಲುಕಿದರು. “ಇನ್ನು ಮನೆ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ಮೇಡಂ. ಲಡ್ಡು ತರಿಸಿ.” ತರಿಸಿದೆ.

ಪ್ರಸಾದ್‌ಗೆ ಹೇಳಿದಾಗ ಅವನ ಮುಖ ಎಷ್ಟೋ ದಿನದ ಮೇಲೆ ಅರಳಿತು. “ಸದ್ಯ! ಅಂಗಾದ್ರೆ ನಿನ್ ಎಸ್ರು ಸೇರ್ಸೋ ತಾಪತ್ರಯನೇ ಇಲ್ಲ ಅನ್ನು!”

ತೆರಿಗೆ ಬಿಟ್ಟು ಬೇರೆ ಕಾರಣ ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಹುಡುಕಿದೆ. ಅಷ್ಟರಲ್ಲಿ ಅವನು ಅತ್ತೆಗೆ ಹೇಳಲು ಒಳಗೆ ಹೋಗಿದ್ದ.

ಮುಂದಿನ ವರ್ಷ ಸಂಬಳ ಪೂರ್ತಿ ಬಂದರೆ ಆ ಕೋಣೆಯ 
ಬಾಡಿಗೆ ಬೇಕಾಗುವುದಿಲ್ಲವಲ್ಲ ಅಂತ ಊಟದ ಹೊತ್ತಿಗೆ ಕೇಳಿದೆ. ಅಡ್ವಾನ್ಸು ಟೈಲ್ಸ್‌ಗೆ ಹೋಗಿದೆ, ಮೇಷ್ಟ್ರು ಮಂಚ ತಂದಿಟ್ಟಾಗಿದೆ ಅಂದ ಪ್ರಸಾದ್. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು.

ಫೆಬ್ರವರಿ 2, ಭಾನುವಾರ

ಶುಕ್ರವಾರ ಗೃಹಪ್ರವೇಶ. ಇವತ್ತು ಹೇಳಿಯೇ ತೀರಬೇಕೆಂದು ಹೊಲದ ಬದುವಿಗೆ ಹೋಗಿ ಫೋನ್ ಮಾಡಿದೆ. ನಾನು ಹಲೋ ಅನ್ನುವ ಮೊದಲೇ ಅಮ್ಮ ಶುರು ಮಾಡಿದಳು.

“ಶೈಲಾ! ಬೀಗದ ಕೈ ಕೊಟ್ಟುಬಿಟ್ಟೆ ಕಣೇ! ಓನರ್ ಸೊಸೆ ಬಂದು ಅಳತೆ ತಗೋತಿದ್ದಾಳೆ. ಮಂಚ ಮಾರಿದೆ, ಗ್ಯಾಸ್ ಸ್ಟೋವ್ ಪಕ್ಕದ ಮನೆಯವರಿಗೆ ಕೊಟ್ಟೆ, ಎರಡೆರಡು ಒಲೆ ಯಾಕೆ ಅಲ್ವಾ? ಮಿಷನ್ ಒಂದನ್ನ ಬಿಡಲಿಲ್ಲ. ಮೂರು ರಾತ್ರಿ ಪಕ್ಕದವರ ಮನೇಲೇ ಮಲಗ್ತೀನಿ. ಹಾಲುಕ್ಕಿಸೋದಕ್ಕೆ ಹಿತ್ತಾಳೆ ಪಾತ್ರೆ ತಗೊಂಡೆ, ತವರಿನಿಂದ ತರಬೇಕಂತಲ್ಲ. ಪರದೆ ಮುಗೀತು, ಹಳದಿ ಹೂವು, ಅಂಚಿಗೆ ಲೇಸು ಇಟ್ಟಿದ್ದೀನಿ. ಕೇಳಿಸ್ತಿದೆಯೇನೇ?”

“ಕೇಳಿಸ್ತಿದೆ ಅಮ್ಮ.”

“ಯಾಕೆ ಸಪ್ಪಗಿದ್ದೀಯ?”

“ಕೆಲಸ ಜಾಸ್ತಿ.”

“ಇರಲಿ ಬಿಡು, ನಾನು ಬಂದಮೇಲೆ ನಿನಗೇನು ಕೆಲಸ! ನೀನಂದಿದ್ದು ನೆನಪಿದೆ ಕಣೆ, ಅಳಿಯಂದಿರ ಅರ್ಧಕ್ಕೆ ನಾನು ಕಾಲಿಡಲ್ಲ.” ತನ್ನ ಮಾತಿಗೆ ತಾನೇ ನಕ್ಕಳು. “ಬುಧವಾರ ಸ್ಟೇಷನ್ನಿಗೆ ಬಾ. ಮಿಷನ್ ಇಳಿಸೋದು ನನ್ನೊಬ್ಬಳಿಂದ ಆಗಲ್ಲ. ಬರ್ತೀಯ ತಾನೇ?”

ಬರ್ತೀನಿ ಅಂದೆ.

ಬುಧವಾರ. ಮೈಸೂರಿನಿಂದ ಚಾಮರಾಜನಗರಕ್ಕೆ ಬರುವ ಬೆಳಗಿನ ಪ್ಯಾಸೆಂಜರ್.